ಎರಡು ಪೇಟಿ, ಒಂದು ಕೀಬೋರ್ಡು

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಪೇಟಿಗಳಿವೆ. ಹಾರ್ಮೋನಿಯಂ ಎಂಬುದು ಪುಸ್ತಕದ ಹೆಸರು. ಅಕ್ಕಲಕೋಟೆಯ ಸೀಮೆಯಲ್ಲಿ ಕನ್ನಡಿಗರೂ ಮರಾಠಿಗರೂ ಅದನ್ನು ಪೇಟಿ ಎಂದೇ ಕರೆಯುತ್ತಾರೆ. ಒಂದು ನನ್ನ ತಂದೆಯವರ ಕಾಲಪೇಟಿ. ಮೇಜಿನಂತೆ ನಿಲ್ಲುವ ಅದನ್ನು ಎತ್ತಿಡಲು ಇಬ್ಬರು ಬೇಕು. ಇನ್ನೊಂದು ಕೈಪೇಟಿ. ಶಿಕ್ಷಕನಾಗಿ ಸೇರಿದ ಮೂರನೆಯ ವರ್ಷ ಶಾಲೆಯ ಪ್ರಾರ್ಥನೆಗೆಂದು ನನ್ನ ಸಂಬಳದಲ್ಲಿಯೇ ಅದನ್ನು ಕೊಂಡಿದ್ದೆ. ನಾನು ನಿವೃತ್ತನಾದ ದಿನ ಅದೂ ನನ್ನೊಡನೆ ಮನೆಗೆ ಬಂದಿತು. ಕಾಲಪೇಟಿ ಬಾಯಿ ತೆರೆಯದೆ ಇಪ್ಪತ್ತು ವರ್ಷಗಳ ಮೇಲಾಯಿತು. ಈ ಎರಡನ್ನೂ ಕೊಟ್ಟು, ಮೇಲೊಂದಿಷ್ಟು ಹಣ ಸೇರಿಸಿ, ಹೊತ್ತೊಯ್ಯಬಹುದಾದ ಒಂದು ಕೀಬೋರ್ಡನ್ನು ತರುವುದೋ ಬೇಡವೋ ಎಂಬ ಪ್ರಶ್ನೆ ಈ ವರ್ಷ ನಮ್ಮ ಮನೆಯಲ್ಲಿ ಎದ್ದಿತು. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇಂಥ ಮನೆವಾರ್ತೆಯ ಮಾತೇಕೆ ಎಂದು ಓದುಗರು ಕೇಳಬಹುದು. ಗಡಿನಾಡಿನ ಕನ್ನಡಿಗರಿಗೆ ದೊಡ್ಡ ಪ್ರಶ್ನೆಗಳೆಲ್ಲ ಹೀಗೆ ಮನೆವಾರ್ತೆಯ ವೇಷದಲ್ಲಿಯೇ ಬರುತ್ತವೆ ಎಂಬುದು ನನ್ನ ಅನುಭವ.

ಮೊದಲು ಕಾಲಪೇಟಿಯ ವಿಷಯ. ನನ್ನ ತಂದೆಯವರು ಸುತ್ತಲಿನ ಹತ್ತು ಹಳ್ಳಿಗಳಿಗೆ ಪೇಟಿ ಮಾಸ್ತರರಾಗಿದ್ದರು. ಜಾತ್ರೆ ಬಂತೆಂದರೆ ನಾಟಕ, ನಾಟಕವೆಂದರೆ ಎರಡು ತಿಂಗಳ ತಾಲೀಮು. ವೃತ್ತಿ ಕಂಪನಿಗಳು ಊರೂರು ತಿರುಗುತ್ತಿದ್ದ ಕಾಲವದು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರಂಥ ಗಾಯಕರೂ ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದವರೇ. ಅಂಥದೊಂದು ಕಂಪನಿ ಸಾಲಕ್ಕೆ ಸಿಕ್ಕಿ ಸೋಲಾಪುರದಲ್ಲಿ ಡೇರೆ ಕಿತ್ತಾಗ, ತಂದೆಯವರು ಒಂದು ಹಂಗಾಮಿನ ಜೋಳ ಮಾರಿ ಅದರ ಕಾಲಪೇಟಿಯನ್ನು ತಂದರು. ಎರಡೂ ಕಾಲುಗಳಿಂದ ಗಾಳಿ ತುಂಬುವುದರಿಂದ ಎರಡೂ ಕೈಗಳು ಮನೆಗಳ ಮೇಲೆ ಓಡಾಡಲು ಬಿಡುವಾಗಿರುತ್ತವೆ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಆ ನಾದ ಊರ ಅಗಸಿಯವರೆಗೆ ಕೇಳುತ್ತಿತ್ತು.

ಇಂಥ ವಾದ್ಯವನ್ನು ಕೊಡುವುದೆಂದರೆ ಪರಂಪರೆಯನ್ನೇ ಮಾರಿದಂತೆ ಎಂದು ನನ್ನ ತಮ್ಮನವರ ವಾದ. ಆ ಮಾತು ಮನಸ್ಸಿಗೆ ತಾಕಿತು. ಆದರೆ ಇತಿಹಾಸ ಪಾಠ ಹೇಳಿದವನಿಗೆ ಪರಂಪರೆಯ ಹುಟ್ಟನ್ನು ವಿಚಾರಿಸದೆ ಬಿಡುವುದು ಕಷ್ಟ. ಹಾರ್ಮೋನಿಯಂ ನಮ್ಮ ನೆಲದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಅದು ರೂಪುಗೊಂಡದ್ದು ಪ್ಯಾರಿಸಿನಲ್ಲಿ. ಅದೇ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯಾಗಿ ಅದನ್ನು ಮಾರ್ಪಡಿಸಿದರು. ಅದು ಬಂದಂತೆ ಗಾಯಕರ ಬದಿಯಲ್ಲಿದ್ದ ಸಾರಂಗಿ ಹಿಂದೆ ಸರಿಯಿತು. ಪೇಟಿಯ ಸ್ವರಗಳು ಅಚಲವಾದವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ ಅದರಲ್ಲಿ ಬಾರದು, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಅದರ ಶ್ರುತಿ ನಮ್ಮ ರಾಗಗಳಿಗೆ ಒಗ್ಗದು ಎಂದು ವಿದ್ವಾಂಸರು ಆಕ್ಷೇಪಿಸಿದರು. ರವೀಂದ್ರನಾಥ ಠಾಕೂರರೂ ಅದನ್ನು ಮೆಚ್ಚಿದವರಲ್ಲ. 1940ರಲ್ಲಿ ಆಕಾಶವಾಣಿ ಅದಕ್ಕೆ ತನ್ನ ಬಾಗಿಲನ್ನೇ ಮುಚ್ಚಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಇಷ್ಟಾದರೂ ಜನ ಅದನ್ನು ಬಿಡಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ ಅವರಂಥವರ ಬೆರಳಲ್ಲಿ ಆ ಪರದೇಶಿ ಪೆಟ್ಟಿಗೆ ಅಪ್ಪಟ ನಮ್ಮದಾಯಿತು. ಆದ್ದರಿಂದ ಕೀಬೋರ್ಡು ಪರಕೀಯವೆಂಬ ಒಂದೇ ಕಾರಣಕ್ಕೆ ಅದನ್ನು ದೂರವಿಡಲು ಪೇಟಿಯ ಮಗನಾದ ನನಗೆ ಅಧಿಕಾರವಿರಲಿಲ್ಲ. ಸಾಲದುದಕ್ಕೆ, ಪೇಟಿಗೆ ಆಗದ ಜಾರುಸ್ವರವನ್ನು ಹೊರಡಿಸುವ ಪುಟ್ಟ ಗಾಲಿಯೊಂದು ಕೆಲವು ಕೀಬೋರ್ಡುಗಳಲ್ಲಿ ಇರುತ್ತದೆ!

ಕೀಬೋರ್ಡಿನ ಪ್ರಸ್ತಾಪ ಮಾಡಿದವನು ನನ್ನ ಮಗ. ಅವನ ಕಾರಣ ನನ್ನ ಎಡಭುಜ. ನಾಲ್ಕು ವರ್ಷಗಳ ಹಿಂದೆ ಅದು ಬಿಗಿದುಕೊಂಡಿತು. ಔಷಧಿ, ವ್ಯಾಯಾಮಗಳಿಂದ ಊಟ ಉಡುಪಿಗೆ ತೊಂದರೆಯಿಲ್ಲದಷ್ಟು ಸಡಿಲವಾಯಿತಾದರೂ ಒಂದು ಗಂಟೆ ತಿದಿ ಒತ್ತುವ ಶಕ್ತಿ ಮರಳಲಿಲ್ಲ. ನಮ್ಮ ಓಣಿಯ ಮಠದಲ್ಲಿ ಸೋಮವಾರ ರಾತ್ರಿ ಭಜನೆ ನಡೆಯುತ್ತದೆ. ಶರಣರ ವಚನಗಳು, ಕಡಕೋಳ ಮಡಿವಾಳಪ್ಪನವರ ಮತ್ತು ಶಿಶುನಾಳ ಶರೀಫರ ತತ್ತ್ವಪದಗಳು. ಹಾಡುವವರು ಹತ್ತು ಹನ್ನೆರಡು ಜನ, ಹೆಚ್ಚಿನವರು ನನ್ನ ಓರಗೆಯವರು. ಪೇಟಿ ನಿಂತ ಮೇಲೆ ತಾಳ, ದಮಡಿಗಳಷ್ಟರಿಂದಲೇ ಭಜನೆ ಸಾಗಿತು. ಹಿಡಿದು ನಿಲ್ಲಿಸುವ ಸ್ವರವಿಲ್ಲದೆ ಒಬ್ಬೊಬ್ಬರ ಷಡ್ಜ ಒಂದೊಂದು ದಿಕ್ಕಿಗೆ ಹೋಗುತ್ತಿತ್ತು. ಕೀಬೋರ್ಡಿಗೆ ತಿದಿಯಿಲ್ಲ, ರೀಡಿಲ್ಲ. ವಿದ್ಯುನ್ಮಂಡಲವೇ ನಾದವನ್ನು ಹುಟ್ಟಿಸುತ್ತದೆ. ಬೆರಳು ಇಟ್ಟರೆ ಸಾಕು.

ಪೇಟಿಗೆ ಮಾತು ಮರಳಿ ಬಂದದ್ದು ಮೊಮ್ಮಗಳಿಂದ. ಹನ್ನೆರಡು ವರ್ಷದ ಆಕೆ ಪಟ್ಟಣದ ಮರಾಠಿ ಶಾಲೆಯಲ್ಲಿ ಓದುತ್ತಾಳೆ. ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮುಖ್ಯಾಧ್ಯಾಪಕನಾಗಿದ್ದವನ ಮೊಮ್ಮಗಳು ಮರಾಠಿ ಶಾಲೆಗೆ ಹೋಗುವುದನ್ನು ಕಂಡು ಕೆಲವರು ನಗುತ್ತಾರೆ. ಅದು ಆಕೆಯ ತಂದೆತಾಯಿಯರ ನಿರ್ಧಾರ. ಮುಂದೆ ಕಾಲೇಜು, ಸ್ಪರ್ಧಾ ಪರೀಕ್ಷೆ, ನೌಕರಿ ಎಲ್ಲ ಇದೇ ರಾಜ್ಯದಲ್ಲಿ ಆಗಬೇಕಾದವು ಎಂಬ ಅವರ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಉತ್ತರವಿಲ್ಲ. ಮನೆಯಲ್ಲಿ ಆಕೆ ಅಚ್ಚ ಕನ್ನಡ ಆಡುತ್ತಾಳೆ. ಅಕ್ಷರ ಮಾತ್ರ ಬಾರದು. ಅಕ್ಷರ ಕಲಿಸಲು ನಾನು ಮೂರು ಸಲ ಕುಳ್ಳಿರಿಸಿಕೊಂಡೆ, ಮೂರು ಸಲವೂ ಆಕೆಗೆ ಬೇರೆ ಕೆಲಸ ನೆನಪಾಯಿತು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನಿಗೆ ಇದು ಗೊತ್ತಿರುವ ಸಂಗತಿಯೇ: ಮಗುವಿಗೆ ಬೇಕೆನಿಸದ ಅಕ್ಷರ ಪಾಟಿಯ ಮೇಲೆಯೇ ಉಳಿಯುತ್ತದೆ.

ಕಳೆದ ಶ್ರಾವಣದಲ್ಲಿ ಒಂದು ಸಂಜೆ ನಾನು ಬಲಗೈಯಿಂದ ಸ್ವರ ತಡವುತ್ತ, ಎಡಗೈ ಸೋತು ನಿಲ್ಲಿಸಿದಾಗ ಆಕೆ ಎದುರಿಗೆ ಬಂದು ಕುಳಿತಳು. “ಮುತ್ಯಾ, ನೀ ಬಾರಸು, ನಾ ಗಾಳಿ ಹಾಕ್ತೀನಿ” ಎಂದಳು. ತಿದಿ ಒತ್ತುವುದು ಕೂಲಿ ಕೆಲಸವೆಂದು ತಿಳಿದವರು ಅದನ್ನು ಮಾಡಿ ನೋಡಬೇಕು. ಗಾಳಿ ಹೆಚ್ಚಾದರೆ ಸ್ವರ ಕಿರುಚುತ್ತದೆ, ಕಡಿಮೆಯಾದರೆ ನಡುದಾರಿಯಲ್ಲಿ ಉಸಿರು ಬಿಡುತ್ತದೆ. ಹಾಡಿನ ಸಾಲು ಎಲ್ಲಿ ಮುಗಿಯುತ್ತದೆಂದು ತಿಳಿಯದವರಿಗೆ ಗಾಳಿಯನ್ನು ಎಲ್ಲಿ ತುಂಬಿಕೊಳ್ಳಬೇಕೆಂದು ತಿಳಿಯುವುದಿಲ್ಲ. ಹೀಗಾಗಿ ಆಕೆ ಸಾಲುಗಳನ್ನು ಬಾಯಿಪಾಠ ಮಾಡತೊಡಗಿದಳು, ಸೋಮವಾರ ಮಠಕ್ಕೂ ಬರತೊಡಗಿದಳು. ಇಬ್ಬರು ಸೇರಿ ಒಂದು ಪೇಟಿ ನುಡಿಸುವ ನೋಟ ಭಜನೆಯವರಿಗೆ ಮೊದಲು ವಿನೋದ, ಆಮೇಲೆ ರೂಢಿ.

ಮಾತುಗಳನ್ನು ಆಕೆ ಒಂದು ನೋಟುಪುಸ್ತಕದಲ್ಲಿ ತನಗೆ ಬರುವ ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ತೊಂದರೆ ಅಲ್ಲಿಯೇ ಹುಟ್ಟಿತು. ಮರಾಠಿ ಬರಹದಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಆ ಭಾಷೆಗೆ ಅವು ಬೇಕಿಲ್ಲ. ನಮಗೆ ಬೇಕು. ದಿನಬಳಕೆಯ ಮಾತನ್ನು ಆಕೆಯ ಕಿವಿಯೇ ತಿದ್ದಿಕೊಳ್ಳುತ್ತಿತ್ತು; ಕೇಳದ ಹಳೆಯ ಮಾತು ಬಂದಾಗ ಕಿವಿಗೆ ಆಧಾರವಿರಲಿಲ್ಲ. ಒಂದು ಸೋಮವಾರ ‘ಒಡಲು’ ಎಂಬುದನ್ನು ಆಕೆ ‘ಓಡಲು’ ಎಂದು ಎಳೆದು ಹಾಡಿದಳು. ದೇಹದ ಮಾತು ಓಟದ ಮಾತಾಯಿತು. ಹಿರಿಯರೊಬ್ಬರು ಪ್ರೀತಿಯಿಂದಲೇ ನಕ್ಕರು. ಮನೆಗೆ ಬಂದ ಮೇಲೆ ಆಕೆ ಪುಸ್ತಕ ತೆರೆದು, “ಮುತ್ಯಾ, ಇದರಾಗ ಒಡಲು ಹ್ಯಾಂಗ ಬರೀಬೇಕು, ಓಡಲು ಹ್ಯಾಂಗ ಬರೀಬೇಕು?” ಎಂದು ಕೇಳಿದಳು. ಇದರಲ್ಲಿ ಬರೆಯಲಾಗದು, ಅದಕ್ಕೆ ಬೇರೆ ಅಕ್ಷರಗಳಿವೆ ಎಂದೆ. “ಹಂಗಾರ ಅವನ್ನ ಕಲಸು” ಎಂದಳು. ಆ ರಾತ್ರಿ ಒ, ಓ ಎರಡೇ ಅಕ್ಷರ. ಮರುದಿನ ಎ, ಏ. ದೀಪಾವಳಿಯ ಹೊತ್ತಿಗೆ ಕಾಗುಣಿತ ಮುಗಿದಿತ್ತು.

ಈ ಸಂಗತಿಯಾದ ಮೇಲೆ ಎರಡೂ ಪೇಟಿಗಳನ್ನು ಕೊಡುವ ಮಾತು ನನಗೆ ಹಗುರವಾಗಿ ಉಳಿಯಲಿಲ್ಲ. ಸೋಲಾಪುರದ ಅಂಗಡಿಯಲ್ಲಿ ಕೀಬೋರ್ಡನ್ನು ನೋಡಿ ಬಂದೆವು. ಅರವತ್ತೊಂದು ಮನೆಗಳು, ನಾಲ್ಕು ಕಿಲೋಗಿಂತ ಕಡಿಮೆ ತೂಕ, ಬ್ಯಾಟರಿಯಿಂದಲೂ ನಡೆಯುತ್ತದೆ. ತಂಬೂರಿ ತಬಲಾಗಳ ನಾದವೂ ಅದರ ಹೊಟ್ಟೆಯಲ್ಲಿದೆ. ಅಂಗಡಿಯವರು ವಿಶೇಷವಾಗಿ ಹೊಗಳಿದ್ದು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು. ಮಗು ಎಷ್ಟು ಹೊತ್ತು ಬಾರಿಸಿದರೂ ಮನೆಯವರಿಗೆ ಕೇಳಿಸುವುದಿಲ್ಲ ಎಂದರು. ಅವರಿಗೆ ಗುಣವಾಗಿ ಕಂಡದ್ದೇ ನನಗೆ ಅದರ ದೋಷವಾಗಿ ಕಂಡಿತು. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಹುಟ್ಟಿದ್ದು ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸಿದ್ದರಿಂದ, ಕೇಳಿದವರು ನಕ್ಕದ್ದರಿಂದ.

ಆದರೂ ಕೀಬೋರ್ಡಿನ ಪರವಾಗಿ ಒಂದು ಬಲವಾದ ಮಾತಿತ್ತು, ಅದನ್ನು ತೂಗದೆ ಬಿಡುವಂತಿರಲಿಲ್ಲ. ನನ್ನ ಷಡ್ಜ ಕರಿ ಒಂದು, ಮೊಮ್ಮಗಳ ಕಂಠಕ್ಕೆ ಒಪ್ಪುವುದು ಕರಿ ನಾಲ್ಕು. ಸಾಧಾರಣ ಪೇಟಿಯಲ್ಲಿ ಷಡ್ಜ ಬದಲಾದರೆ ಬೆರಳುಗಳ ಹಾದಿಯೆಲ್ಲ ಬದಲಾಗುತ್ತದೆ. ಹೊಸದಾಗಿ ಕಲಿಯುವ ಕೈ ಅಲ್ಲಿಯೇ ತಡವರಿಸುತ್ತದೆ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಹಾದಿಯಲ್ಲಿ ಬೇಕಾದ ಶ್ರುತಿ ದೊರೆಯುತ್ತದೆ. ಇಷ್ಟು ದಿನ ಆಕೆ ಹಾಡಿದ್ದು ನನ್ನ ಶ್ರುತಿಯಲ್ಲಿ. ಮೇಲಿನ ಸ್ವರಕ್ಕೆ ಸರಾಗವಾಗಿ ಏರುವ ಕಂಠವನ್ನು ಮುದುಕನ ಶ್ರುತಿಗೆ ಇಳಿಸಿ ಕಟ್ಟಿದ್ದೆವು. ಇನ್ನು ಐದಾರು ವರ್ಷಗಳಲ್ಲಿ ಆಕೆ ಓದಲು ಪುಣೆಗೋ ಇನ್ನೆಲ್ಲಿಗೋ ಹೋಗುವವಳು. ಇಬ್ಬರು ಬೇಕಾಗುವ ಪೇಟಿ ವಸತಿಗೃಹದ ಕೋಣೆಗೆ ಹೋಗಲಾರದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವ ವಾದ್ಯ ಹೋಗಬಲ್ಲದು. ಅಲ್ಲಿ ಅದರ ಮೇಲೆ ಆಕೆ ತತ್ತ್ವಪದ ನುಡಿಸುವಳೋ ಸಿನಿಮಾ ಹಾಡು ನುಡಿಸುವಳೋ ನಾನು ಹೇಳಲಾರೆ. ನುಡಿಸಲು ಏನೂ ಇಲ್ಲದಿದ್ದರೆ ಎರಡನ್ನೂ ನುಡಿಸಲಾರಳು.

ಕೊನೆಗೆ ಪ್ರತಿಯೊಂದು ವಾದ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆ: ಮುಂದಿನ ವರ್ಷ ನಿನ್ನನ್ನು ಯಾರು ನುಡಿಸುತ್ತಾರೆ? ಕೈಪೇಟಿಗೆ ಉತ್ತರವಿತ್ತು, ನನ್ನ ಬಲಗೈ ಮತ್ತು ಆಕೆಯ ಎಡಗೈ. ಅದು ಉಳಿಯಿತು. ಕೀಬೋರ್ಡಿಗೂ ಉತ್ತರವಿತ್ತು. ಕಾಲಪೇಟಿಗೆ ಇರಲಿಲ್ಲ. ತಂದೆಯವರ ಭಾವಚಿತ್ರ ಗೋಡೆಯ ಮೇಲಿದೆ; ಅವರ ಪೇಟಿಯನ್ನೂ ಭಾವಚಿತ್ರವಾಗಿಸಿ ನೆಲದ ಮೇಲಿಡುವುದು ಅದಕ್ಕೆ ಗೌರವವೆಂದು ನನಗೆ ತೋರಲಿಲ್ಲ. ಹೀಗೆ ಒಂದನ್ನೇ ಕೊಡುವುದೆಂದು ಗೊತ್ತಾಯಿತು. ಹಣ ಹೆಚ್ಚು ಸೇರಿಸಬೇಕಾಯಿತು, ಒಂದು ತಿಂಗಳ ಪಿಂಚಣಿಯಲ್ಲಿ ಸ್ವಲ್ಪ ಕೈ ಬಿಗಿಹಿಡಿದದ್ದಾಯಿತು. ಹೆಡ್‌ಫೋನನ್ನು ಕೊಳ್ಳಲಿಲ್ಲ. ಮುಂದೆಂದಾದರೂ ಆಕೆ ತಾನೇ ಕೊಂಡರೆ ನಾನು ಬೇಡವೆನ್ನುವವನಲ್ಲ. ಪೇಟಿ ಬಂದಾಗ ಸಾರಂಗಿಗೆ ಆದದ್ದು ಕೀಬೋರ್ಡು ಬಂದಾಗ ಪೇಟಿಗೆ ಆಗಬಹುದು ಎಂಬ ಅಳುಕು ಇದ್ದೇ ಇದೆ.

ಕಾಲಪೇಟಿಯನ್ನು ಒಯ್ಯಲು ಬಂದ ದುರಸ್ತಿಗಾರರು ಅನುಭವಸ್ಥರು. ಹಿಂಬದಿಯ ಹಲಗೆ ಬಿಚ್ಚಿ, ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಜರ್ಮನಿಯ ಹಳೆಯ ರೀಡುಗಳು, ಈಗ ಇಂಥವು ಸಿಗುವುದಿಲ್ಲ, ಗುಜರಾತಿನ ಪಾಲಿತಾಣಾದ ರೀಡುಗಳು ಒಳ್ಳೆಯವೇ ಆದರೂ ಇವುಗಳ ಕಂಠವೇ ಬೇರೆ ಎಂದರು. ಕಟ್ಟಿಗೆಗೆ ಹುಳು ಹತ್ತಿದೆ, ಅದನ್ನು ತೆಗೆದುಬಿಡುತ್ತೇನೆ; ರೀಡುಗಳನ್ನು ಹೊಸ ಕೈಪೇಟಿಗಳಲ್ಲಿ ಕೂಡಿಸುತ್ತೇನೆ ಎಂದರು. ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ ಎಂದು ಮೊಮ್ಮಗಳಿಗೆ ತೋರಿಸಿದರು. ಹೊರಡುವಾಗ ನನ್ನ ಮುಖ ನೋಡಿಯೋ ಏನೋ, ತಂದೆಯವರ ನೆನಪಿಗೆ ಒಂದು ರೀಡನ್ನು ಇಟ್ಟುಕೊಳ್ಳಿರೆಂದು ಕರಿ ಒಂದರದನ್ನು ನನ್ನ ಕೈಯಲ್ಲಿಟ್ಟರು. ಬೆರಳಿನಷ್ಟು ಉದ್ದದ ಹಿತ್ತಾಳೆ, ಮೇಲೆ ಎಣ್ಣೆಯ ಹಳೆಯ ಕಲೆ. ಒಂದು ರೀಡು ಕಡಿಮೆಯಾದರೆ ಹೊಸ ಪೇಟಿ ಕೊಂಡವರ ಹಾಡು ಆ ಮನೆಗೆ ಬಂದಾಗಲೆಲ್ಲ ಮುಗ್ಗರಿಸುವುದಷ್ಟೆ. ಅದನ್ನು ಅವರ ಚೀಲಕ್ಕೇ ಹಾಕಿಸಿದೆ.