ಗುರುವಾರ ಮೂರೂವರೆ ಗಂಟೆ

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ಮುಂಬಯಿಯ ಲೋಕಲ್ ಗಾಡಿಗಳು ಅದಕ್ಕೂ ಮೊದಲೇ ನಿಂತಿದ್ದವು. ಹಬ್ಬಕ್ಕೆ, ನಾಟಕಕ್ಕೆ ಎಂದು ಸಂಘಕ್ಕೆ ಬರುತ್ತಿದ್ದ ಹಿರಿಯರು ಡೊಂಬಿವಲಿ, ಮುಲುಂಡ್, ಮೀರಾ ರೋಡುಗಳಲ್ಲಿ ಒಬ್ಬೊಬ್ಬರಾಗಿ ಉಳಿದರು. ಆಗ ನಾವು ಆರು ಮಂದಿ ಸದಸ್ಯರ ಪಟ್ಟಿಯನ್ನು ಹಂಚಿಕೊಂಡು, ಒಂಟಿಯಾಗಿರುವವರಿಗೆ ವಾರಕ್ಕೊಮ್ಮೆ ಫೋನ್ ಮಾಡುವುದೆಂದು ಗೊತ್ತುಮಾಡಿಕೊಂಡೆವು.

ಮೊದಮೊದಲು ನಮ್ಮದು ಆಸ್ಪತ್ರೆಯ ವಿಚಾರಣೆಯಂತಿತ್ತು. “ಆರೋಗ್ಯ ಹೇಗಿದೆ? ಔಷಧಿ ಇದೆಯೆ?” ಅತ್ತಲಿಂದ “ಇದೆ” ಎಂಬ ಉತ್ತರ, ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಒಮ್ಮೆ ನಮ್ಮಲ್ಲೊಬ್ಬರು ಮುಲುಂಡಿನಲ್ಲಿರುವ ಧಾರವಾಡದ ಅಜ್ಜಿಯನ್ನು “ಇವತ್ತು ಏನು ಅಡಿಗೆ?” ಎಂದು ಕೇಳಿದರು. ಜೋಳದ ರೊಟ್ಟಿಯಿಂದ ಹೊರಟ ಮಾತು ತವರಿನ ಹಿತ್ತಿಲು, ತೀರಿಕೊಂಡ ಯಜಮಾನರು ಎಂದು ಮುಕ್ಕಾಲು ಗಂಟೆ ನಡೆಯಿತು. ನೆರೆಯವರೊಡನೆ ಅವರು ಮರಾಠಿಯಲ್ಲಿ ಸಲೀಸಾಗಿ ಮಾತಾಡುತ್ತಾರೆ. ಆದರೆ ಯಜಮಾನರು ಹೋದ ಮೇಲೆ ಆ ಮನೆಯಲ್ಲಿ ಕನ್ನಡದ ದನಿಯೇ ಇರಲಿಲ್ಲವಂತೆ. ಅಂದಿನಿಂದ ಗುರುವಾರ ಮೂರೂವರೆ ಗಂಟೆ ಅವರದಾಯಿತು.

2021ರ ಆಗಸ್ಟ್ 15ರಿಂದ ಎರಡು ಡೋಸು ಲಸಿಕೆ ಪಡೆದವರಿಗೆ ಲೋಕಲ್ ಗಾಡಿ ತೆರೆಯಿತು. ನಮಗೂ ಕಚೇರಿ, ಮದುವೆ, ಮುಂಜಿ ಶುರುವಾದವು. ಒಂದು ಗುರುವಾರ ಫೋನ್ ಮಾಡಲಿಲ್ಲ, ಶುಕ್ರವಾರವೂ ಮರೆತೆವು. ಸೋಮವಾರ ಮಾಡಿ ಕ್ಷಮೆ ಕೇಳಿದಾಗ ಅಜ್ಜಿ ನಕ್ಕರು.

“ಅಯ್ಯ, ಇರ್ಲಿ ಬಿಡ್ರಿ. ಫೋನ ಕೆಟ್ಟದೇನೋ ಅಂತ ಎರಡು ಸರ್ತಿ ಎತ್ತಿ ನೋಡಿದೆ, ಅಷ್ಟ.”

ಬೈದಿದ್ದರೆ ಎಷ್ಟೋ ಮೇಲಿತ್ತು. ನಾವು ಉಪಕಾರವೆಂದು ತಿಳಿದಿದ್ದ ಅರ್ಧ ಗಂಟೆಗೆ ಅವರು ವಾರವೆಲ್ಲ ಕಾಯುತ್ತಿದ್ದರು. ಯಾರೂ ಕರೆಯದಿದ್ದಾಗ ಕಾಯುವ ಕಷ್ಟವಾದರೂ ಅವರಿಗಿರಲಿಲ್ಲ. ಅದನ್ನು ಕೊಟ್ಟವರು ನಾವೇ.

ಈಗ ಒಂದು ಕಟ್ಟು ಮಾಡಿಕೊಂಡಿದ್ದೇವೆ: ಒಬ್ಬರಿಗೆ ಆಗದಿದ್ದರೆ ಅದೇ ಹೊತ್ತಿಗೆ ಇನ್ನೊಬ್ಬರು ಮಾಡಬೇಕು. ಪಿಂಚಣಿ, ಕಾನೂನು, ಮನೆಯವರ ಕಿರುಕುಳದಂಥ ವಿಷಯ ಬಂದರೆ, ಹಿರಿಯ ನಾಗರಿಕರಿಗಾಗಿ ಸರ್ಕಾರ ನಡೆಸುವ 14567 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ತಿಳಿಸುತ್ತೇವೆ. ಅಂಥ ಸಲಹೆ ಕೊಡುವ ತಿಳಿವಳಿಕೆ ನಮಗಿಲ್ಲ. ಅಡಿಗೆ ಏನೆಂದು ಕೇಳಿ ಸುಮ್ಮನೆ ಕಿವಿಗೊಡುವುದಷ್ಟೇ ನಮ್ಮ ಕೆಲಸ.

ವಾರಕ್ಕೆ ಅರ್ಧ ಗಂಟೆ ಕೊಡಬಲ್ಲ ಓದುಗ ಬಾಂಧವರು ನಮ್ಮೊಡನೆ ಸೇರಬೇಕೆಂದು ಕೋರುತ್ತೇವೆ. ಮಾತಿನ ಚಾತುರ್ಯ ಬೇಕಿಲ್ಲ. ಮೂರೂವರೆ ಎಂದು ಹೇಳಿದರೆ ಮೂರೂವರೆಗೆ ಫೋನ್ ಮಾಡಿದರಾಯಿತು.