ಎಲ್ಲ ಬೊಜ್ಜೂ ಊಟದಿಂದ ಬಂದದ್ದಲ್ಲ

ನಮ್ಮ ಮದುವೆ ಮನೆಗಳಲ್ಲಿ ಹೆಂಗಸರು ಒಟ್ಟು ಸೇರಿದರೆ ಸಲಾಮ್ ಹೇಳಿ ಮುಗಿಯುವ ಮೊದಲೇ ಬರುವ ಮಾತು, ‘ನೀನೇನು ಇಷ್ಟು ದಪ್ಪ ಆಗಿದ್ದೀ?’ ಎಂಬುದು. ಕೇಳುವವರಿಗೆ ಅದು ಕುಶಲ ವಿಚಾರಣೆ. ಕೇಳಿಸಿಕೊಂಡವಳು ಮಾತ್ರ ಆ ದಿನ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂರುತ್ತಾಳೆ. ನನ್ನ ಚಿಕ್ಕಮ್ಮನ ಮಗಳು ಹೆಚ್ಚುಕಡಿಮೆ ಒಂದೂವರೆ ವರ್ಷ ಹೀಗೆ ಕೂತಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.

ಅವಳಿಗೆ 34 ವರ್ಷ. ಗಂಡ ಸೌದಿಯಲ್ಲಿ. ಮೊದಲು ದುಂಡಗಾದದ್ದು ಮುಖ. ಕೆನ್ನೆಗಳು ಉಬ್ಬಿ ಕೆಂಪಾದವು. ಗಲ್ಫಿನ ಹಣ ಮೈಗೆ ಹಿಡಿದಿದೆ ಎಂದು ನೆರೆಯವರು ನಕ್ಕರು. ಬಳಿಕ ಹೊಟ್ಟೆ ಬೆಳೆಯಿತು. ಗಲ್ಲದ ಮೇಲೆ ಕೂದಲು ಮೂಡಿತು. ಮುಟ್ಟು ನಿಂತಿತು. ರಮಝಾನಿನಲ್ಲಿ ಅವಳ ಒಂದು ಉಪವಾಸವೂ ತಪ್ಪಲಿಲ್ಲ ಎಂಬುದನ್ನು ಮನೆಯ ಹೆಂಗಸರು ಬೆರಳು ಮಡಚಿ ಲೆಕ್ಕ ಹಾಕಿದರು. ಗಂಡ ಊರಿಗೆ ಬಂದು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಊರಿನ ಬಾಯಿಗೆ ಇನ್ನೇನು ಬೇಕು?

ಅತ್ತೆ ಏನೂ ಹೇಳಲಿಲ್ಲ. ನಾದಿನಿಯ ಕೈಯಲ್ಲಿ ಮೆಡಿಕಲ್‌ನಿಂದ ಗರ್ಭ ಪರೀಕ್ಷೆಯ ಪಟ್ಟಿ ತರಿಸಿ ಅವಳ ಮುಂದೆ ಇಟ್ಟರು, ಅಷ್ಟೇ. ಅದರಲ್ಲಿ ಇಲ್ಲವೆಂದು ಬಂತು. ಆದರೂ ಮಾತು ನಿಲ್ಲಲಿಲ್ಲ. ಆಮೇಲೆ ಯಾರೋ ಸಿಹ್ರ್ ಆಗಿದೆ ಎಂದರು. ಮಂತ್ರಿಸಿದ ನೀರು ಬಂತು, ಕೊರಳಿಗೆ ದಾರ ಬಂತು. ಸಂಶಯದಿಂದ ದೂರವಿರಿ, ಪರಸ್ಪರ ಅಪಹಾಸ್ಯ ಮಾಡಬೇಡಿ ಎಂಬ ಆದೇಶವಿರುವ ಸೂರಃ ಹುಜುರಾತನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಕಲಿಸುತ್ತೇನೆ. ಅದನ್ನು ಬಾಯಿಪಾಠ ಮಾಡಿದವರ ಮನೆಗಳಲ್ಲೇ ಈ ಮಾತುಗಳು ನಡೆದವು.

ಒಂದು ದಿನ ಅವಳು ನಮ್ಮಲ್ಲಿಗೆ ಬಂದವಳು ನನ್ನ ಪಕ್ಕದಲ್ಲೇ ಅಸರ್ ನಮಾಝಿಗೆ ನಿಂತಳು. ಸುಜೂದಿನಿಂದ ಏಳಲು ಅವಳಿಗೆ ಆಗಲಿಲ್ಲ. ಮಂಚದ ಕಾಲು ಹಿಡಿದು ಎದ್ದಳು. ನಮಾಝ್ ಮುಗಿದ ಮೇಲೆ ಕೈ ನೋಡಿದರೆ ತೋಳು ಕಡ್ಡಿಯಂತಾಗಿದೆ, ಬಳೆ ಮೊಣಕೈವರೆಗೆ ಜಾರುತ್ತಿದೆ. ತಿಂದು ದಪ್ಪವಾದವರ ಕೈಕಾಲೂ ಸಾಮಾನ್ಯವಾಗಿ ತುಂಬಿಕೊಳ್ಳುತ್ತವೆ. ಇವಳದ್ದು ಹೊಟ್ಟೆ, ಮುಖ, ಕತ್ತಿನ ಹಿಂಭಾಗ ಮಾತ್ರ. ಬಳೆ ತಾಗಿದಲ್ಲೆಲ್ಲ ನೀಲಿಗಟ್ಟಿದ ಕಲೆ. ಕೋಣೆಯ ಬಾಗಿಲು ಹಾಕಿ ಹೊಟ್ಟೆ ತೋರಿಸಿದಳು. ಬೆರಳಗಲದ ನೇರಳೆ ಬಣ್ಣದ ಗೆರೆಗಳು. ಹೆರಿಗೆಯಾದವರಲ್ಲಿ ಉಳಿಯುವ ತೆಳು ಬಿಳಿ ಗೆರೆಗಳಂತೆ ಅವು ಇರಲಿಲ್ಲ. ಬುರ್ಖಾದ ಒಳಗಿನ ಇಂಥ ಗುರುತುಗಳು ಹೊರಗಿನವರಿಗೆ ಕಾಣುವುದಿಲ್ಲ. ಮನೆಯ ಹೆಂಗಸರೇ ನೋಡಬೇಕು.

ಆ ವಾರವೇ ಮಂಗಳೂರಿಗೆ ಕರೆದೊಯ್ದೆವು. ಬಿ.ಪಿ. ಹೆಚ್ಚಿತ್ತು, ಸಕ್ಕರೆಯೂ ಹೆಚ್ಚಿತ್ತು. ಹಾರ್ಮೋನ್ ತಜ್ಞರು ಯಾವ ಔಷಧಿ ತಿನ್ನುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದಳು. ಪುಡಿ, ಲೇಹ್ಯ, ಮುಖಕ್ಕೆ ಕ್ರೀಮ್? ಆಗ ನೆನಪಾಯಿತು, ಮಂಡಿನೋವಿಗೆಂದು ಊರಿಗೆ ಬರುವ ಒಬ್ಬನಿಂದ ಕೊಳ್ಳುತ್ತಿದ್ದ ಪುಡಿ. ಎರಡೇ ದಿನದಲ್ಲಿ ನೋವು ಹೋಗಿತ್ತಂತೆ. ಆ ಎರಡು ದಿನದ ಮಾತೇ ಡಾಕ್ಟರರಿಗೆ ಸಂಶಯ ಹುಟ್ಟಿಸಿತು. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು ಎಂದರು. ನಾಟಿ ಔಷಧಿಯೆಲ್ಲ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ಒಳಗೇನಿದೆ ಎಂದು ಹೇಳದವನ ಪೊಟ್ಟಣವನ್ನು ನಂಬುವುದು ಹೇಗೆ?

ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಅವುಗಳಿಗೆ ಆಜ್ಞೆ ಬರುವುದು ಮಿದುಳಿನ ಬುಡದ ಪಿಟ್ಯುಟರಿಯಿಂದ. ಕಾರ್ಟಿಸೋಲ್ ಬೆಳಿಗ್ಗೆ ಏರುತ್ತದೆ, ಮಧ್ಯರಾತ್ರಿ ತೀರ ಇಳಿಯುತ್ತದೆ. ಅದಿಲ್ಲದೆ ಬದುಕಿಲ್ಲ. ಅತಿಯಾದರೆ ಸ್ನಾಯು ಕರಗುತ್ತದೆ, ಚರ್ಮ ತೆಳುವಾಗುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಇದಕ್ಕೆ ಕುಶಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲಿ ವಿವರಿಸಿದ ರೋಗಿಯೂ 23 ವರ್ಷದ ಒಬ್ಬಳು ಯುವತಿ. ಅವಳಿಗೂ ಮುಟ್ಟು ನಿಂತಿತ್ತು.

ಕೆಲವರಲ್ಲಿ ಪಿಟ್ಯುಟರಿಯ ಅಥವಾ ಅಡ್ರಿನಲ್‌ನ ಗಡ್ಡೆಯಿಂದ ಇದು ಬರುತ್ತದೆ. ಆಗ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಪತ್ತೆಗೆ ರಾತ್ರಿಯ ಎಂಜಲು, 24 ಗಂಟೆಯ ಮೂತ್ರ, ಇಲ್ಲವೇ ರಾತ್ರಿ 11ಕ್ಕೆ ಒಂದು ಮಾತ್ರೆ ಕೊಟ್ಟು ಬೆಳಿಗ್ಗೆ ರಕ್ತ ಪರೀಕ್ಷೆ ಮಾಡುತ್ತಾರೆ. ಆದರೆ ಗಡ್ಡೆಯವರಿಗಿಂತ ಹೊರಗಿನ ಸ್ಟಿರಾಯ್ಡ್‌ನಿಂದ ಹೀಗಾದವರೇ ಬಹಳ ಹೆಚ್ಚು. ಮುಖ ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮುಗಳಲ್ಲೂ ಅದಿರುತ್ತದೆ. ಮಕ್ಕಳಿಗೂ ಬರಬಹುದು. ಮಗು ದಪ್ಪವಾಗುತ್ತಾ ಎತ್ತರದಲ್ಲಿ ಮಾತ್ರ ನಿಂತುಬಿಟ್ಟರೆ ಡಾಕ್ಟರರಿಗೆ ತೋರಿಸಬೇಕು. ತರಗತಿಯ ಸಾಲಿನಲ್ಲಿ ಇದು ಟೀಚರಿಗೇ ಮೊದಲು ಕಂಡೀತು.

ಅವಳ ರಕ್ತದಲ್ಲಿ ಬೆಳಗಿನ ಕಾರ್ಟಿಸೋಲ್ ತೀರ ಕಡಿಮೆಯಿತ್ತು. ನಮಗೆ ಆಶ್ಚರ್ಯ. ಹೊರಗಿನಿಂದ ಸಿಗುತ್ತಿದ್ದುದರಿಂದ ದೇಹ ತನ್ನ ತಯಾರಿಯನ್ನೇ ನಿಲ್ಲಿಸಿತ್ತು ಎಂದು ಡಾಕ್ಟರರು ವಿವರಿಸಿದರು. ಮನೆಯಲ್ಲಿ ಅತ್ತೆ ಸಿಟ್ಟಿನಿಂದ ಪುಡಿಯನ್ನು ಬಾವಿಕಟ್ಟೆಯಾಚೆ ಎಸೆದರು. ಪುಣ್ಯಕ್ಕೆ ಅಷ್ಟರಲ್ಲಿ ಡಾಕ್ಟರರ ಮಾತ್ರೆ ಶುರುವಾಗಿತ್ತು. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಆಸ್ತಮಾಕ್ಕೋ ಮೂತ್ರಪಿಂಡದ ಕಾಯಿಲೆಗೋ ಡಾಕ್ಟರರೇ ಸ್ಟಿರಾಯ್ಡ್ ಕೊಟ್ಟಿದ್ದರೆ ಈ ಲೇಖನ ಓದಿ ಹೆದರಿ ಬಿಟ್ಟುಬಿಡಬೇಡಿ. 2020ರಲ್ಲಿ ಕೋವಿಡ್ ಉಲ್ಬಣಿಸಿ ಆಕ್ಸಿಜನ್‌ನಲ್ಲಿದ್ದ ಎಷ್ಟೋ ಮಂದಿಯನ್ನು ಉಳಿಸಿದ್ದೂ ಇದೇ ಜಾತಿಯ ಡೆಕ್ಸಾಮೆಥಸೋನ್.

ಅವಳಿಗೆ ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬಂದಿದ್ದಾರೆ. ಜ್ವರವೋ ವಾಂತಿಯೋ ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದು ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಅದು ಸದಾ ಅವಳ ಪರ್ಸಿನಲ್ಲಿರುತ್ತದೆ. ಈ ಸಲದ ರಮಝಾನಿನಲ್ಲಿ ಉಪವಾಸ ಬೇಡವೆಂದರು. ಅವಳು ಅತ್ತಳು. ರೋಗಿಗೆ ಕುರ್‌ಆನ್ ಕೊಟ್ಟ ರಿಯಾಯಿತಿಯನ್ನು ನಾನು ಕಿತಾಬ್ ತೆರೆದು ತೋರಿಸಿದ ಮೇಲೆ ಒಪ್ಪಿದಳು. ಅವಳು ಹಗಲು ಗಂಜಿ ಕುಡಿಯುವುದನ್ನು ಕಂಡು ನೆರೆಯವರು ಮತ್ತೆ ಪಿಸುಗುಟ್ಟಿದರು. ಈ ಸಲ ಅಂಗಳಕ್ಕಿಳಿದು ಉತ್ತರ ಕೊಟ್ಟವರು ಅವಳ ಅತ್ತೆ.

ಅಲ್‌ಹಮ್ದುಲಿಲ್ಲಾಹ್, ಮುಟ್ಟು ಮರಳಿದೆ, ಮುಖ ಇಳಿದಿದೆ. ಗೆರೆಗಳು ಬಿಳಿಚಿಕೊಂಡಿವೆ, ಪೂರ್ತಿ ಹೋಗಲಿಕ್ಕಿಲ್ಲ. ಮಂಡಿನೋವು ಮಾತ್ರ ಹಾಗೆಯೇ ಇದೆ. ಅದಕ್ಕೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಮಾಡುತ್ತಿದ್ದಾಳೆ.