ಬಟಾಣಿಯಷ್ಟು ಗಂಟು

ಹಲ್ಲುಜ್ಜಿ ಉಗುಳಿದಾಗ ಬೇಸಿನ್ನಿನಲ್ಲಿ ರಕ್ತ ಕಂಡಿತು. ಮೊಬೈಲಿನ ಟಾರ್ಚ್ ಹಾಕಿ, ಕೆನ್ನೆ ಸರಿಸಿ ಕನ್ನಡಿಯಲ್ಲಿ ನೋಡಿದೆ. ಎರಡು ವರ್ಷದ ಹಿಂದೆ ಇಲ್ಲೇ ಪುಣೆಯಲ್ಲಿ ಹಾಕಿಸಿಕೊಂಡಿದ್ದ ಇಂಪ್ಲಾಂಟ್ ಹಲ್ಲಿನ ಬುಡದಲ್ಲಿ ಬಟಾಣಿಯಷ್ಟು ಕೆಂಪು ಗಂಟು. ನೋವಿರಲಿಲ್ಲ. ಹೆದರಿಸಿದ್ದು ಅದೇ. ಅಪ್ಪನಿಗೂ ಮೊದಮೊದಲು ನೋವಿರಲಿಲ್ಲ.

ಅಪ್ಪ ಧಾರವಾಡದಲ್ಲಿ ದಿನವೂ ಎಲೆ, ಅಡಿಕೆ, ತಂಬಾಕು ಹಾಕುತ್ತಿದ್ದರು. ಕೆನ್ನೆಯೊಳಗಿನ ಹುಣ್ಣನ್ನು ‘ಉಷ್ಣ ಆಗೇದ’ ಎನ್ನುತ್ತಾ ತಿಂಗಳುಗಟ್ಟಲೆ ತಳ್ಳಿದರು. ಆಸ್ಪತ್ರೆ ತಲುಪುವಾಗ ತಡವಾಗಿತ್ತು. ನಾನು ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವಳಲ್ಲ. ಆದರೂ ಹೆದರಿದೆ, ಗಂಡನಿಗೂ ಹೇಳಲಿಲ್ಲ. ಒಂದು ತಿಂಗಳು ಇನ್ನೊಂದೇ ಕಡೆಯಿಂದ ಜಗಿದೆ. ಫೋನಿನಲ್ಲಿ ಅವ್ವ, “ಯಾಕ, ದನಿ ಹಂಗ್ಯಾಕ ಬರ್ಲಿಕತ್ತದ?” ಅಂದಾಗ, “ನೆಗಡಿ ಆಗೇದ” ಅಂದೆ. ಅಪ್ಪನ ಮಗಳೇ ನಾನು.

ಕೊನೆಗೊಂದು ದಿನ ದಂತವೈದ್ಯೆಯ ಮುಂದೆ ಬಾಯಿ ತೆರೆದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು, ಸ್ಕ್ರೂ ಅಲುಗಾಡಿರಲಿಲ್ಲ. ಟೈಟಾನಿಯಂ ಮತ್ತು ಮೂಳೆ ಒಂದಾಗಿ ಬೆಸೆಯುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1952ರ ಸುಮಾರಿಗೆ ಮೊಲದ ಮೂಳೆಯಲ್ಲಿ ಗಮನಿಸಿದರು. 1965ರಲ್ಲಿ ಮನುಷ್ಯನ ದವಡೆಗೆ ಹಾಕಿದರು. ಮೂಳೆಯೇನೋ ಲೋಹವನ್ನು ಒಪ್ಪಿಕೊಳ್ಳುತ್ತದೆ, ಆದರೆ ವಸಡು ಅಷ್ಟು ಒಪ್ಪುವುದಿಲ್ಲ. ನಿಜವಾದ ಹಲ್ಲಿನ ಬೇರಿನೊಳಕ್ಕೆ ವಸಡಿನ ನಾರುಗಳು ನಾಟಿಕೊಂಡಿರುತ್ತವೆ. ಇಂಪ್ಲಾಂಟಿನ ಸುತ್ತ ಅವು ಸುಮ್ಮನೆ ಒತ್ತಿಕೊಂಡಿರುತ್ತವೆ. ಅಲ್ಲಿ ಕೊಳೆ ಕೂತರೆ, ಕ್ಯಾಪ್ ಸರಿಯಾಗಿ ಕೂರದಿದ್ದರೆ ವಸಡು ಕೆರಳಿ ಬೆಳೆಯಬಹುದು. ನನ್ನಲ್ಲಿ, ಕ್ಯಾಪ್ ಅಂಟಿಸಿದ ಸಿಮೆಂಟಿನ ಚೂರೊಂದು ವಸಡಿನ ಕೆಳಗೆ ಉಳಿದಿತ್ತು.

ಪಯೋಜೆನಿಕ್ ಗ್ರಾನ್ಯುಲೋಮಾ ಇರಬಹುದು ಎಂದರು. ‘ಪಯೋಜೆನಿಕ್’ ಎಂದರೆ ಕೀವು ಹುಟ್ಟಿಸುವಂಥದ್ದು. ಆದರೆ ಇದರಲ್ಲಿ ಕೀವಿಲ್ಲ, ಇದು ನಿಜವಾದ ಗ್ರಾನ್ಯುಲೋಮಾ ಕೂಡ ಅಲ್ಲ. ಸಣ್ಣ ರಕ್ತನಾಳಗಳು ತುಂಬಿದ, ಮುಟ್ಟಿದರೆ ರಕ್ತ ಸೋರುವ, ಕ್ಯಾನ್ಸರ್ ಅಲ್ಲದ ಗಂಟು. ಜಯಂಟ್ ಸೆಲ್ ಗ್ರಾನ್ಯುಲೋಮಾ ಎಂಬ ಇನ್ನೊಂದು ನೋಡಲು ಹೀಗೇ ಇದ್ದು, ಕೆಳಗಿನ ಮೂಳೆಯನ್ನೂ ಸವೆಸಬಲ್ಲದು. ಅಪರೂಪಕ್ಕೆ ಕ್ಯಾನ್ಸರೂ ಇದೇ ವೇಷದಲ್ಲಿ ಬರುತ್ತದೆ. ಬರಿಗಣ್ಣಿನಿಂದ ತೀರ್ಮಾನಿಸುವಂತಿಲ್ಲ, ಕತ್ತರಿಸಿದ್ದನ್ನು ಲ್ಯಾಬಿಗೆ ಕಳಿಸಲೇಬೇಕು.

ಮರಗಟ್ಟುವ ಇಂಜೆಕ್ಷನ್ ಕೊಟ್ಟು ಗಂಟನ್ನು ಬುಡಸಮೇತ ತೆಗೆದರು, ಸಿಮೆಂಟನ್ನು ಕೆರೆದರು. ಇಂಪ್ಲಾಂಟ್ ಉಳಿಯಿತು. ಅಂದು ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ರಿಪೋರ್ಟಿಗಾಗಿ ಕಾದ ಆ ವಾರ, ಒಬ್ಬಳೇ ಕಳೆದ ತಿಂಗಳಿಗಿಂತ ಹಗುರಾಗಿತ್ತು.

ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂದ ಮೇಲೆ ಅವ್ವನಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವರೂ ಹಿಂಗ ಮುಚ್ಚಿಟ್ಟಿದ್ರು” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಈ ಗಂಟು ಮತ್ತೆ ಬರಬಹುದಂತೆ. ಅದಕ್ಕೇ ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಹಾಕುತ್ತೇನೆ, ಹೇಳಿದ ದಿನ ಹೋಗಿ ತೋರಿಸಿ ಬರುತ್ತೇನೆ. ಅವ್ವ ಪ್ರತಿ ಭಾನುವಾರ ಕೇಳುತ್ತಾಳೆ: “ಬಾಯಿ ನೋಡ್ಕೊಂಡಿಯೇನು?” ಈಗ ನಿಜವನ್ನೇ ಹೇಳುತ್ತೇನೆ.